ಸಾಹೇಬರು ಓದದಿರಲಿ ಎಂದು ಬರೆದ ಅರ್ಜಿ

ಬೋರೇಗೌಡರೇ, ನಿಮ್ಮ ಅರ್ಜಿಯನ್ನು ಸಾಹೇಬರು ಓದಬಾರದು ಎಂದೇ ನಾನು ಅಷ್ಟು ಉದ್ದ ಬರೆದೆ.

ತಾಲ್ಲೂಕು ಕಚೇರಿಯ ಮುಂದೆ ಅರ್ಜಿ ಬರೆದು ಬದುಕುವವನು ನಾನು. ಒಳಗಿರುವವರಿಗೆ ಪುರಸೊತ್ತಿಲ್ಲ, ಏನು ಬೇಕೆಂದು ಮೊದಲ ನಾಲ್ಕು ಸಾಲಿನಲ್ಲೇ ಹೇಳದಿದ್ದರೆ ಹಾಳೆ ತಿರುಗಿಸುವುದಿಲ್ಲ. ಈ ಗುಟ್ಟೇ ನನಗೆ ಇಷ್ಟು ದಿನ ಅನ್ನ ಹಾಕಿದ್ದು. ನಿಮ್ಮ ವಿಷಯದಲ್ಲಿ ಮಾತ್ರ ಅದನ್ನು — ತಲೆಕೆಳಗು ಮಾಡಿ ಬಳಸಿದೆ.

ನಿಮಗೆ ನನ್ನ ಗುರುತು ಸಿಗಲಿಲ್ಲ. ನನಗೆ ನಿಮ್ಮದು ಸಿಕ್ಕಿತು. ನಾನಿನ್ನೂ ಹುಡುಗನಾಗಿದ್ದಾಗ, ಕಬ್ಬಾಳಿನ ಆ ಬೀಗರೂಟದಲ್ಲಿ, ಎಲೆಗೆ ಮುದ್ದೆ ಬಿದ್ದ ಮೇಲೆ, ನೀವು ನನ್ನ ಅಪ್ಪನ ರಟ್ಟೆ ಹಿಡಿದಿರಿ. "ಕರ್ದೋರು ಯಾರ್ಲಾ ನಿನ್ನ? ಏಳ್ಲಾ ಮ್ಯಾಕೆ." ಅಪ್ಪ ಎದ್ದ. ಸಾಯುವತನಕ ಇನ್ನೊಬ್ಬರ ಮನೆಯ ಊಟಕ್ಕೆ ಹೋಗಲಿಲ್ಲ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಸುಳ್ಳು ಯಾಕೆ ಹೇಳಲಿ.

ನಿಮ್ಮ ಅಹವಾಲು ಒಂದೇ ಮಾತಿನದು. ಹಿಪ್ಪುನೇರಳೆ ತೋಟದ ದಾರಿಗೆ ಪಕ್ಕದವನು ಬೇಲಿ ಬಡಿದಿದ್ದಾನೆ, ರೇಷ್ಮೆ ಹುಳು ಪೊರೆ ಬಿಡುವ ನಾಲ್ಕನೇ ಜ್ವರದಿಂದೆದ್ದು ಸೊಪ್ಪು ಸೊಪ್ಪು ಅನ್ನುತ್ತಿವೆ, ಬೇಲಿ ತೆಗೆಸಿ. ನಾನು ನಿಮ್ಮ ಮುತ್ತಾತನಿಂದ ಶುರು ಮಾಡಿದೆ. ವಂಶ, ಪಾಲುಪಾರಿಕತ್ತು, ಘನ ಸರ್ಕಾರದ ಕೃಪಾದೃಷ್ಟಿ — ಬೇಲಿಯನ್ನು ಕೊನೆಯ ಹಾಳೆಯ ತಳದಲ್ಲಿ ಹೂತೆ. ನೀವು ಹಾಳೆಗಳನ್ನು ಕೈಯಲ್ಲೇ ತೂಗಿ ಹಿಗ್ಗಿದಿರಿ. "ತೂಕವಾಗೈತೆ ಕಣಪ್ಪಾ. ಅರ್ಜಿ ಅಂದ್ರೆ ಇಂಗಿರ್ಬೇಕು." ಒಳಗೊಳಗೇ ನಕ್ಕೆ.

ಅರ್ಜಿ ಕಟ್ಟಿನ ಅಡಿಗೆ ಹೋಯಿತು. ಹುಳು ಹಸಿದು ಸತ್ತವು. ಹಗಲು ರಾತ್ರಿ ಸಾಕಿದ್ದ ನಿಮ್ಮ ಸೊಸೆ ಅವನ್ನು ಬುಟ್ಟಿಯಲ್ಲಿ ತುಂಬಿ ತಿಪ್ಪೆಗೆ ಸುರಿದಳಂತೆ. ಅಪ್ಪನನ್ನು ಎಬ್ಬಿಸಿದಾಗ ಆ ಹೆಣ್ಣುಮಗಳು ನಿಮ್ಮ ಮನೆಗೆ ಇನ್ನೂ ಬಂದಿರಲಿಲ್ಲ. ಬರೆಯುವಾಗ ಅವಳ ನೆನಪಾಗಲಿಲ್ಲ — ಆಗಿದ್ದರೂ ನಾನು...

ನೀವು ಮತ್ತೆ ಬಂದಿರಿ, ಚಿಪ್ಪು ಬಾಳೆಹಣ್ಣು ಹಿಡಿದು. "ನೀನು ಚೆಂದಾಗೇ ಬರ್ಕೊಟ್ಟಿದ್ದೆ ಕಣಪ್ಪಾ. ನಮ್ ಗ್ರಾಚಾರ." ಬಾಯಿ ಬಿಡಬಹುದಿತ್ತು. ಹಣ್ಣು ಇಸಿದುಕೊಂಡೆ.

ಬೇಲಿ ಇನ್ನೂ ಇದೆ. ನಾಳೆ ಅದಕ್ಕೊಂದು ಚಿಕ್ಕ ಅರ್ಜಿ ಬರೆದುಕೊಂಡು ನಿಮ್ಮ ಮನೆಗೆ ಬರುತ್ತೇನೆ. ನಡೆದದ್ದನ್ನು ನಿಮ್ಮ ಸೊಸೆಯ ಎದುರೇ ಹೇಳುತ್ತೇನೆ. ನಿಮ್ಮನ್ನು ನಾನು ಕ್ಷಮಿಸಿಲ್ಲ. ಅವಳೂ ನನ್ನನ್ನು ಕ್ಷಮಿಸಬೇಕಾಗಿಲ್ಲ.