ಗುಹೆಯಲ್ಲೂ ನಡೆದ ಹೋಟೆಲು

ಪೋರೂರಿನಲ್ಲಿ ಇಡ್ಲಿ ಹೋಟೆಲು ನಡೆಸುವ ಅಕ್ಕುವಿಗೆ ಒಂದೇ ಆಸೆ. ಮಗ ಪ್ರವೀಣ ಒಮ್ಮೆಯಾದರೂ ಕೂತು ತಿನ್ನುವುದನ್ನು ಕಣ್ತುಂಬ ನೋಡಬೇಕು. ಗಿರಾಕಿಗಳಿಗೆ ಬಡಿಸುವ ನಡುವೆ ಅವನು ನಿಂತೇ ನುಂಗಿ ಓಡುವವನು. ಅದಕ್ಕೇ ಆ ಭಾನುವಾರ ಹೋಟೆಲಿಗೆ ಬೀಗ ಜಡಿದು, ಮಗನನ್ನೂ ಮೊಮ್ಮಗಳು ವೀಕ್ಷಾಳನ್ನೂ ಹೊರಡಿಸಿಕೊಂಡು ಪೂಂಡಿಯಾಚೆಯ ಗುಹೆ ನೋಡಲು ಹೋದಳು.

ಕಮರಿ ಇಳಿದು, ಮುಳ್ಳುಪೊದೆ ದಾಟಿ ಗುಹೆ ಸೇರುವಷ್ಟರಲ್ಲಿ ಎಲ್ಲರ ಹೊಟ್ಟೆಯೂ ತಾಳ ಹಾಕುತ್ತಿತ್ತು. ಅಕ್ಕು ಬಾಳೆಲೆಯ ಕಟ್ಟು ಬಿಚ್ಚಿ, ಡಬ್ಬಿಗಳ ಮುಚ್ಚಳ ತೆಗೆದಳು. ಸಾಂಬಾರಿನ ಪರಿಮಳಕ್ಕೆ ಗುಹೆ ನೋಡಲು ಬಂದವರೆಲ್ಲ ಇತ್ತ ತಿರುಗಿದರು.

"ಅಣ್ಣಾ, ರೆಂಡು ಇಡ್ಲಿ!" ಎಂದು ಒಬ್ಬ ತಮಿಳಿನಲ್ಲಿ ಎರಡು ಇಡ್ಲಿ ಕೇಳಿದ.

"ಇದೋ ವರೇನ್ ಸಾರ್!" ಇದೋ ಬಂದೆ ಎನ್ನುತ್ತ ಪ್ರವೀಣ ಹೆಗಲಿಗೆ ಟವೆಲು ಏರಿಸಿ ಎದ್ದೇಬಿಟ್ಟ.

"ಅಪ್ಪಾ, ಇದು ನಮ್ಮ ಪಿಕ್ನಿಕ್!" ಎಂದು ವೀಕ್ಷಾ ಕಿರುಚಿದಳು. ಅಪ್ಪ ಆಗಲೇ ಬಂಡೆ ಒರೆಸಿ ಎಲೆ ಹಾಕಿ ನಾಲ್ಕಾರು ಜನಕ್ಕೆ ಬಡಿಸಿ ಆಗಿತ್ತು.

"ಕೂತ್ಕೊ ಮಾರಾಯ! ಕಲ್ಲಿನ ಪೊಟರೆಗೆ ಬಂದ್ರೂ ನಿಂಗೆ ಗಿರಾಕಿಯಾ?" ಅಕ್ಕು ಅವನ ರಟ್ಟೆ ಹಿಡಿದೆಳೆದು ಕೂರಿಸಿ, ಬಾಯಿಗೆ ಇಡ್ಲಿ ತುರುಕಿದಳು.

ಪ್ರವೀಣ ತುಂಬಿದ ಬಾಯಲ್ಲೇ ಎದುರಿನ ಎಲೆಯತ್ತ ಕೈ ತೋರಿಸಿದ. "ಅಮ್ಮ, ಅವ್ರಿಗೆ ಚಟ್ನಿ..."

"ನೀ ಎದ್ರೆ ಕಾಲು ಮುರಿತೇನೆ!"

ಅಕ್ಕು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾನೇ ಚಟ್ನಿಯ ಸೌಟು ಹಿಡಿದು ಹೊರಟಳು. ಬಡಿಸುತ್ತಲೇ ಹಿಂತಿರುಗಿ ನೋಡಿದಳು. ಮಗ ಕೂತೇ ತಿನ್ನುತ್ತಿದ್ದ.