ಸಾಹೇಬರ ಮುಂದೆ ಗಂಡನ ಹೆಸರು

ಏಳು ತಿಂಗಳ ಬಸುರಿಯೊಬ್ಬಳು ಗಂಡನ ಹೆಸರು ಹೇಳಲಾಗದೆ ಸರಕಾರಿ ಕಚೇರಿಯಲ್ಲಿ ಬೆವರುತ್ತ ನಿಂತಿದ್ದಳು. ಆ ಬಸುರಿ ನಾನೇ!

ನಿಜಾಮರ ಕಾಲ. ಕಮಲಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಟೀಚರ್. ಹೆರಿಗೆ ರಜೆ ಬೇಕೆಂದರೆ ಕಲಬುರ್ಗಿಗೆ ಖುದ್ದಾಗಿ ಬರಬೇಕು; ಗಂಡ ಯಾರೆಂದು ಶಿಕ್ಷಣ ಇಲಾಖೆಯ ಸಾಹೇಬರ ಮುಂದೆ ಸ್ವಂತ ಬಾಯಿಂದ ಹೇಳಬೇಕು. (ಹೊಟ್ಟೆ ಕಂಡರೆ ಸಾಲದು. ರೂಲ್ ಈಸ್ ರೂಲ್!) ರಜೆ ಸಿಗದಿದ್ದರೆ ರಾಜೀನಾಮೆಯೇ ಗತಿ.

"ಶೌಹರ್ ಕಾ ನಾಮ್?" ಬರೆದುಕೊಳ್ಳಲು ಕೂತಿದ್ದ ಮುನ್ಶಿ ಗಂಡನ ಹೆಸರು ಕೇಳಿದರು.

ನಾನು ಬೆವರು ಒರೆಸಿಕೊಂಡೆ.

ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳು ಏನೆಲ್ಲ ಕಲಿಸಿದ್ದರು! ಪ್ರೇಯರ್, ಗ್ರಾಮರ್, ಫೋರ್ಕ್ ಹಿಡಿಯುವುದು. ಗಂಡನ ಹೆಸರು ಹೇಳುವುದನ್ನು ಮಾತ್ರ ಕಲಿಸಿರಲಿಲ್ಲ. (ಪಾಪ, ಅವರಿಗೆಲ್ಲಿಯ ಗಂಡ?)

ಹಿಂದೆ ನಿಂತಿದ್ದ ಅತ್ತೆ ಸೆರಗು ಜಗ್ಗಿದರು. "ಹೇಳಿಗೀಳಿ ಮತ್ತ! ನನ್ನ ಮಗನ ಆಯುಷ್ಯ ಕಡಿಮಿ ಆಗ್ತದ."

"ಹಂಗಾರ ನೀವ ಹೇಳ್ರಿ ಅತ್ತಿ."

ಅತ್ತೆ ಬಾಯಿ ತೆರೆದರು. ಸಾಹೇಬರು ಕೈ ಅಡ್ಡ ಮಾಡಿದರು. "ರಜಾ ಯಾರಿಗಿ ಬೇಕು, ನಿಮಗೋ, ಅವರಿಗೋ? ಹೇಳಲಿಲ್ಲಂದ್ರ ಮದಿವಿ ಆಗಿಲ್ಲಂತ ಬರಕೋಬೇಕಾಗ್ತದ ನೋಡ್ರಿ."

ಅತ್ತೆಯ ಮುಖ ಕೆಂಪಾಯಿತು. "ಅಯ್ಯ ಶಿವನ! ಒಡಪು ಹಾಕಿ ಹೇಳ ತಂಗಿ. ಒಡಪಿನ್ಯಾಗ ಹೇಳಿದ್ರ ದೋಷಿಲ್ಲ."

ಆರತಿ ಹೊತ್ತಿಗೆ ಗೆಳತಿಯರು ಕಾಡಿದರೆ ಹೆಸರನ್ನು ಪ್ರಾಸದಲ್ಲಿ ಸುತ್ತಿ ಹೇಳುತ್ತೇವಲ್ಲ, ಅದೇ ಒಡಪು. ಕಣ್ಣು ಮುಚ್ಚಿದೆ. ಬಾಯಿಗೆ ಬಂದದ್ದು ಹೇಳಿಬಿಟ್ಟೆ:

"ಕಮಲಾಪುರದ ಕೆಂಬಾಳಿ ಹಣ್ಣು, ಮನಿತುಂಬ ಘಮ್ಮ;
ಶರಣಪ್ಪನವರ ಹೆಸರು ಹೇಳೀನಿ, ಇನ್ನ ಕೂಡ್ರಿ ಸುಮ್ಮ!"

ಮುನ್ಶಿಯ ಲೇಖಣಿ ನಿಂತಿತು. "ಇತ್ನಾ ಲಂಬಾ ನಾಮ್?" ಕನ್ನಡ ಬಾರದ ಪುಣ್ಯಾತ್ಮ, ಬಾಳೆಹಣ್ಣಿನಿಂದಲೇ ಬರೆಯಲು ಶುರುಮಾಡಿದ್ದರು!

ಸಾಹೇಬರು ಹೊಟ್ಟೆ ಹಿಡಿದು ನಕ್ಕರು. "ಶರಣಪ್ಪ ಅಷ್ಟೇ ಬರಕೊಳ್ರಿ ಮುನ್ಶೀಜಿ, ಹಣ್ಣು ಬಿಡ್ರಿ! ಟೀಚರ್ ಬಾಯಿ, ನಮ್ಮ ಬೇಗಂನೂ ನನ್ನ ಹೆಸರು ಹಿಡಿಯಂಗಿಲ್ಲ. ಅಕಿಗೂ ಇಂಥಾದೊಂದು ಕಲಿಸ್ರಲ್ಲ? ರಜಾ ಮಂಜೂರ್!"

ಅತ್ತೆಯ ಹಿಗ್ಗು ನೋಡಬೇಕಿತ್ತು. ಕಲಬುರ್ಗಿಯ ಶಹಾಬಜಾರಿನಲ್ಲಿದ್ದ ನೆಂಟರಿಗೆ, ಊರಿಗೆ ಮರಳುವ ಮೋಟಾರಿನಲ್ಲಿ ಕೂತವರಿಗೆಲ್ಲ ನನ್ನ ಒಡಪು ಹೇಳಿದ್ದೇ ಹೇಳಿದ್ದು.

ನಾವು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಇವರಿಗೂ ಮುಟ್ಟಿತ್ತು; ಬಾಗಿಲಲ್ಲೇ ಕಾದಿದ್ದರು. "ಊರಮಂದಿಗೆಲ್ಲ ನನ್ನ ಹೆಸರು ಕೇಳಿಸಿದಿ ಅಂತ. ನನಗೂ ಒಮ್ಮೆ ಕೇಳಸಲ್ಲ?"

ನಾಚಿ ಅಡುಗೆಮನೆಗೆ ಓಡಿದೆ. (ಆ ಹೊಟ್ಟೆ ಹೊತ್ತು!) ಆಮೇಲೆ ಎಷ್ಟೋ ವರ್ಷ ನಗುನಗುತ್ತ ಸಂಸಾರ ಮಾಡಿದೆವು. ಅವರು ಕೇಳುತ್ತಲೇ ಇದ್ದರು, ನಾನು ಓಡುತ್ತಲೇ ಇದ್ದೆ.

ಈಗ ಅವರಿಲ್ಲ. ಅವರ ಸರಕಾರಿ ನೌಕರಿಯ ಫ್ಯಾಮಿಲಿ ಪೆನ್ಷನ್ನಿಗಾಗಿ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ, ಒಡಪಿಲ್ಲದೆ, ಕ್ಲಿಯರ್ ಆಗಿ ಅವರ ಹೆಸರು ಹೇಳಿ ಬರುತ್ತೇನೆ.

ಸರಕಾರ ಕೇಳಿದಾಗೆಲ್ಲ ಹೇಳಿದವಳು, ಅವರು ಕೇಳಿದಾಗ ಒಮ್ಮೆಯಾದರೂ ಹೇಳಬಾರದಿತ್ತೇ?