ಹರಿಯಲೆಂದೇ ಕಟ್ಟುವ ಹುರಿ

ಮಣ್ಣು ಮಾಡಿ ಮೂರು ದಿನವಾಗಿದೆ. ಊಟ ತಂದವರು ಖಾಲಿ ತಟ್ಟೆಗಳನ್ನು ಒಯ್ದಿದ್ದಾರೆ, ಅತ್ತೆ ತಮ್ಮ ಊರಿಗೆ ಹೊರಟುಹೋಗಿದ್ದಾರೆ, ಫೋನು ಸುಮ್ಮನಾಗಿದೆ. ಇದು ಮೊದಲ ಮಾಮೂಲಿ ಬೆಳಗು. ನಾಲ್ಕೂವರೆಗೆ ಎಚ್ಚರವಾಗುತ್ತದೆ, ಸೆಪ್ಟೆಂಬರಿನಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗೂ ನಾಲ್ಕೂವರೆಗೇ ಎಚ್ಚರವಾಗುತ್ತಿತ್ತು. ಎಲ್ಲರೂ ಎಂದರೆ ಇಬ್ಬರು. ಇಬ್ಬರಿಗಾಗುವಷ್ಟು ಕಾಫಿ ಕಾಯಿಸಿ, ಅರ್ಧ ಚೆಲ್ಲಿ, ಷೆರಿಫ್ ಕಚೇರಿಯವರು ಕೊಟ್ಟ ಕಂದು ಕಾಗದದ ಚೀಲ ಬಿಚ್ಚುತ್ತೇನೆ. ನನ್ನ ಗಂಡ ರೀಸ್‌ನ ಕೈಗಡಿಯಾರ. ಚಾಕು. ಗಾಳಗಳ ಡಬ್ಬಿ. ತಳದಲ್ಲಿ ಒಂದು ಹಿತ್ತಾಳೆಯ ಕೈತಕ್ಕಡಿ: ಮೇಲೊಂದು ಉಂಗುರ, ಕೆಳಗೊಂದು ಕೊಕ್ಕೆ, ನಡುವೆ ಮುಳ್ಳು. ಬೆನ್ನಿಗೆ ಮೊಳೆಯಿಂದ ಗೀಚಿದ ಎರಡು ಅಕ್ಷರ, ಎ. ಟಿ. ಕೊಕ್ಕೆಯಲ್ಲಿ ಏನೂ ಇಲ್ಲದಿದ್ದರೂ ಮುಳ್ಳು ಮೂರು ಪೌಂಡಿನ ಮೇಲೆ ನಿಂತಿದೆ. ಬಿದ್ದ ಏಟಿಗೆ ಕೆಟ್ಟಿರಬೇಕು ಅಂದುಕೊಳ್ಳುತ್ತೇನೆ.

ಎ. ಟಿ. ಎಂದರೆ ಆರ್ಡಿತ್ ಟಾಲಫ್ಸನ್. ತಕ್ಕಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಡ್ವೇನ್ ಮರ್ಕಲ್ ಅವರ ಕುದುರೆದೊಡ್ಡಿಗೆ ನಡೆಯುತ್ತೇನೆ. ಮೀನು ಹಿಡಿಯಲು, ಬೇಟೆಯಾಡಲು ಬರುವ ಅತಿಥಿಗಳನ್ನು ಕುದುರೆಯ ಮೇಲೆ ಬೆಟ್ಟ ಹತ್ತಿಸುವುದು ಡ್ವೇನ್ ಅವರ ವ್ಯವಹಾರ. ನನ್ನ ಗಂಡ ಅಲ್ಲಿ ದಾರಿ ತೋರಿಸುವವನಾಗಿದ್ದ. ಆರ್ಡಿತ್ ಹೇರು ಕಟ್ಟುವವರು.

ಹೇಸರಗತ್ತೆಗಳೆಲ್ಲ ಬೇಲಿಗೆ ಒತ್ತಿಕೊಂಡು ಒಂದೇ ಕಡೆ ನೋಡುತ್ತಿವೆ. ಅಲ್ಲಿ, ಅಡುಗೆ ಕೊಟ್ಟಿಗೆಯ ದೀಪದ ಕೆಳಗೆ, ಅರವತ್ತಾರರ ಹೆಂಗಸೊಬ್ಬರು ಬೋರಲು ಹಾಕಿದ ಬಕೆಟ್ ಮೇಲೆ ಕೂತು ಆಲೂಗಡ್ಡೆ ಸುಲಿಯುತ್ತಿದ್ದಾರೆ. ತಲೆ ಎತ್ತುವುದಿಲ್ಲ.

"ಕಾಫಿ ಕುಡಿದ್ಯಾ?"

"ಕುಡಿದೆ."

"ಸುಳ್ಳು. ಅರ್ಧ ಚೆಲ್ಲಿರ್ತೀಯ. ನಮ್ಮೋನು ಹೋದಾಗ ನಾನೂ ವರ್ಷಗಟ್ಟಲೆ ಚೆಲ್ಲಿದೀನಿ."

"ನೀವ್ಯಾಕೆ ಇಲ್ಲಿ? ಪ್ರಾಣಿಗಳ ಹತ್ರ ಇರಬೇಕಿತ್ತಲ್ಲ?"

"ಬಡ್ತಿ ಸಿಕ್ಕಿದೆ ನಂಗೆ," ಎನ್ನುತ್ತಾರೆ ಆರ್ಡಿತ್. "ನಲವತ್ತೊಂದು ವರ್ಷ ಬಂದೋರೆಲ್ಲ ನನ್ನ ಅಡುಗೆಯವಳು ಅಂದ್ಕೊಂಡ್ರು. ಡ್ವೇನ್ ಈಗ ಅದನ್ನ ನಿಜ ಮಾಡಿದಾನೆ."

ಕಾರಣ ಊರಿಗೆಲ್ಲ ಗೊತ್ತು. ಕಳೆದ ವಾರ ಮೇಲಿನ ಸರೋವರದ ಮೀನು ಬಿಡಾರದಿಂದ ರೀಸ್ ಮೂರು ಹೇಸರಗತ್ತೆಗಳನ್ನು ಒಂದರ ಹಿಂದೊಂದು ಕಟ್ಟಿಕೊಂಡು ಇಳಿಯುತ್ತಿದ್ದ. ಸಡಿಲು ಕಲ್ಲಿನ ಇಳಿಜಾರಿನಲ್ಲಿ ಕೊನೆಯದು ಜಾರಿತು. ಅದು ನಡುವಿನದನ್ನು ಎಳೆಯಿತು, ನಡುವಿನದು ಮೊದಲಿನದನ್ನು, ಮೊದಲಿನದು ರೀಸ್‌ನ ಕುದುರೆಯನ್ನು. ಆ ಬೆಳಿಗ್ಗೆ ಹೇರು ಕಟ್ಟಿದವರು ಆರ್ಡಿತ್. ಎರಡು ಮಗ್ಗುಲ ತೂಕ ಸಮ ಇರಲಿಲ್ಲ, ಹೇರು ವಾಲಿತು, ಪ್ರಾಣಿ ಜಾರಿತು ಎಂದು ಡ್ವೇನ್ ಹೇಳಿದರು. ಮುದುಕಿ ತಕ್ಕಡಿ ಮುಟ್ಟಲೇ ಇಲ್ಲ, ಕೈಯಲ್ಲೇ ಎತ್ತಿ ನೋಡಿ ಕಟ್ಟಿದಳು ಎಂದು ಅಂದು ಬಿಡಾರದಲ್ಲಿದ್ದ ಇಬ್ಬರು ಅತಿಥಿಗಳೂ ಹೇಳಿದರು. ಅದು ಸುಳ್ಳಲ್ಲ. ತಕ್ಕಡಿ ಅವರ ಬಳಿ ಇರಲಿಲ್ಲ. ಅದು ರೀಸ್‌ನ ಜೀನುಚೀಲದಲ್ಲಿತ್ತು. ಈಗ ನನ್ನ ಜೇಬಿನಲ್ಲಿದೆ.

ಅಂದು ಅದನ್ನು ಹೊರತೆಗೆಯುವುದಿಲ್ಲ.

ಈ ಪತ್ರಿಕೆಯ ಸಂಪಾದಕರು ಶನಿವಾರದ ಪುಟಕ್ಕೆ ನನ್ನಿಂದ ಕೇಳಿದ್ದು ರೀಸ್ ಬಗ್ಗೆ. ಅವನ ಬಗ್ಗೆ ಇಗರ್ಜಿಯಲ್ಲಿ ಏಳು ಜನ ಮಾತಾಡಿದ್ದಾರೆ, ಸಾಕು. ನಾನು ಆರ್ಡಿತ್ ಬಗ್ಗೆ ಬರೆಯುತ್ತೇನೆ ಎಂದೆ. ಅವರು, "ಯಾವ ಆರ್ಡಿತ್?" ಎಂದರು. ಇಬ್ಬರೂ ಒಂದೇ ಬೀದಿಯಲ್ಲಿ ಮೂವತ್ತು ವರ್ಷದಿಂದ ಇದ್ದಾರೆ.

ಆರ್ಡಿತ್ ಕೆಲಸ ಹೀಗೆ. ಮೂರೂವರೆಗೆ ಏಳುತ್ತಾರೆ. ಹದಿನಾಲ್ಕು ಹೇಸರಗತ್ತೆಗಳ ಬೆನ್ನು ಒಂದೊಂದನ್ನೂ ಅಂಗೈಯಿಂದ ಸವರಿ ನೋಡುತ್ತಾರೆ. ಒಂದು ಮುಳ್ಳಿದ್ದರೂ ಜೀನು ಹಾಕುವುದಿಲ್ಲ. ಡೇರೆ, ಒಲೆ, ಹಿಟ್ಟು, ಮೊಟ್ಟೆ, ಅತಿಥಿಗಳ ವಿಸ್ಕಿ ಎಲ್ಲವನ್ನೂ ಎರಡೆರಡು ಪಾಲು ಮಾಡುತ್ತಾರೆ. ಒಂದೊಂದು ಪ್ರಾಣಿಗೆ ನೂರೈವತ್ತು ಪೌಂಡ್, ಮಗ್ಗುಲಿಗೆ ಎಪ್ಪತ್ತೈದು. ಎರಡು ಮಗ್ಗುಲಿಗೂ ಒಂದು ಪೌಂಡಿಗಿಂತ ಹೆಚ್ಚು ವ್ಯತ್ಯಾಸ ಇರುವಂತಿಲ್ಲ. ಆಮೇಲೆ ಇಪ್ಪತ್ತೆರಡು ಮೈಲಿ ಹತ್ತು. ಬಿಡಾರದಲ್ಲಿ ಇಳಿಸು. ಅತಿಥಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಹೊಡೆದರೆ ಮಾಂಸ, ಕೊಂಬು ಕಟ್ಟಿಕೊಂಡು ಇಳಿ. ಮರುದಿನ ಮತ್ತೆ ಹತ್ತು. ಎಡಗೈಯ ಎರಡು ಬೆರಳುಗಳ ತುದಿಯನ್ನು ಹಗ್ಗ ತಿಂದಿದೆ. ಸೊಂಟವನ್ನು ಎರಡು ಸಲ ಬಿಚ್ಚಿ ಹೊಲಿದಿದ್ದಾರೆ.

ಡ್ವೇನ್ ಅವರ ಕಚೇರಿಯ ಗೋಡೆ ತುಂಬ ಫೋಟೋಗಳು. ಸತ್ತ ಎಲ್ಕ್, ಸತ್ತ ಮೀನು, ನಗುವ ಅತಿಥಿ, ಪಕ್ಕದಲ್ಲಿ ದಾರಿ ತೋರಿಸಿದವನು. ಮೀನಿನ ಫೋಟೋಗಳ ಕೆಳಗೆ ತೂಕ ಬರೆದಿದೆ. ನಾನು ಇನ್ನೂರ ಹನ್ನೊಂದು ಫೋಟೋ ಎಣಿಸಿದೆ. ಆರ್ಡಿತ್ ಒಂದರಲ್ಲೂ ಇಲ್ಲ. ಒಂದರ ಅಂಚಿನಲ್ಲಿ ಹಗ್ಗ ಹಿಡಿದ ಕೈ ಇದೆ, ಎರಡು ಬೆರಳು ಮೋಟು.

"ಮುಖ ಯಾಕೆ ಬೇಕು?" ಎನ್ನುತ್ತಾರೆ. "ಹೇಸರಗತ್ತೆಗೆ ನನ್ನ ಕೈ ಗೊತ್ತು. ಬಂದೋರಿಗೆ ಅದೂ ಗೊತ್ತಿಲ್ಲ. ಒಬ್ಬ ಹನ್ನೆರಡು ವರ್ಷ ಬಂದ, ಹನ್ನೆರಡು ವರ್ಷವೂ ನನ್ನ 'ಎಡಿತ್' ಅಂತ ಕರೆದ. ಮೊದಲ ವರ್ಷ ತಿದ್ದಿದೆ. ಆಮೇಲೆ ಎಡಿತ್ ಅಂದ್ರೇ ತಿರುಗ್ತಿದ್ದೆ."

ಚಳಿಗಾಲದಲ್ಲಿ ಬೆಟ್ಟ ಮುಚ್ಚುತ್ತದೆ. ಆಗ ಅವರು ಹುರಿ ಕಟ್ಟುತ್ತಾರೆ. ಪ್ರತಿ ಹೇರುಜೀನಿನ ಹಿಂಭಾಗದಲ್ಲಿ ಸೆಣಬಿನ ತೆಳು ಹುರಿಯ ಒಂದು ಕುಣಿಕೆ ಇರುತ್ತದೆ. ಹಿಂದಿನ ಪ್ರಾಣಿಯ ಹಗ್ಗವನ್ನು ಅದಕ್ಕೆ ಕಟ್ಟುವುದು. ಸಾಲಿನಲ್ಲಿ ಒಂದು ಬಿದ್ದರೆ ಆ ಕುಣಿಕೆ ಪಟ್ಟೆಂದು ಹರಿಯಬೇಕು. ಬಿದ್ದದ್ದು ಒಂಟಿಯಾಗಿ ಬೀಳಬೇಕು. ಹುರಿಯ ಒಂದೊಂದು ಉಂಡೆಯಿಂದ ಒಂದು ಕುಣಿಕೆ ಮಾಡಿ ಕೊಟ್ಟಿಗೆಯ ತೊಲೆಗೆ ನೇತುಹಾಕಿ ಆರ್ಡಿತ್ ಅದರ ಮೇಲೆ ತಾವೇ ಕೂರುತ್ತಾರೆ. ಹರಿದು ಅವರು ಹುಲ್ಲಿನ ಮೇಲೆ ಬಿದ್ದರೆ ಆ ಹುರಿ ಸರಿ. ಹರಿಯದಿದ್ದರೆ ಇಡೀ ಉಂಡೆ ಒಲೆಗೆ. ಚಳಿಗಾಲಕ್ಕೆ ಅರವತ್ತು ಕುಣಿಕೆ. ಗಟ್ಟಿಯಾಗಿದೆ ಎಂಬ ತಪ್ಪಿಗೆ ಹಗ್ಗವನ್ನು ಸುಡುವ ಇನ್ನೊಂದು ಕಸುಬನ್ನು ನಾನು ಕಂಡಿಲ್ಲ.

ಇಲ್ಲಿಯವರೆಗೆ ಬರೆದು ಎರಡು ದಿನ ನಿಲ್ಲಿಸಿದ್ದೆ. ಮುಂದಿನದನ್ನು ಬರೆಯದಿದ್ದರೆ ಹಿಂದಿನದಕ್ಕೆ ಬೆಲೆಯಿಲ್ಲ.

ಆಗಸ್ಟಿನಲ್ಲಿ ಒಂದೇ ವಾರದಲ್ಲಿ ರೀಸ್‌ನ ಸಾಲಿನಲ್ಲಿ ಎರಡು ಸಲ ಕುಣಿಕೆ ಹರಿಯಿತು. ಬಿದ್ದದ್ದೇನೂ ಇಲ್ಲ, ಒಂದು ಹೇಸರಗತ್ತೆ ಹುಲ್ಲು ಕಂಡು ನಿಂತಿತು, ಅಷ್ಟೇ. ಅದನ್ನು ಹಿಡಿದು ತರಲು ಅರ್ಧ ದಿನ ಹೋಯಿತು, ಅತಿಥಿಗಳು ಗೊಣಗಿದರು, ಡ್ವೇನ್ ಎಲ್ಲರ ಮುಂದೆ ಬೈದರು. ಅಂದು ಸಂಜೆ ರೀಸ್ ನಮ್ಮ ಊಟದ ಮೇಜಿನ ಮೇಲೆ ನೈಲಾನ್ ಹಗ್ಗ ಕತ್ತರಿಸಿ ಕುಣಿಕೆ ಮಾಡಿದ. ನೈಲಾನಿನ ತುದಿ ಬಿಚ್ಚಿಕೊಳ್ಳದಂತೆ ಸುಟ್ಟು ಒತ್ತಬೇಕು. ಅವನು ಸುಡುವಾಗ ಇನ್ನೊಂದು ತುದಿ ಹಿಡಿದುಕೊಂಡವಳು ನಾನು.

"ಇದು ಹರಿಯಲ್ಲ ಕಣೋ," ಎಂದೆ.

"ಅದಕ್ಕೇ ಅಲ್ವೇನೇ ಕಟ್ಟೋದು," ಎಂದ. "ಈ ಮೀನಿನ ಕಾಲ ಮುಗಿಲಿ. ದಾರೀಲಿ ಬದಲಿಸ್ಕೋತೀನಿ. ಮುದುಕಿಗೆ ಹೇಳ್ಬೇಡ, ನನ್ನನ್ನೇ ತೊಲೆಗೆ ನೇತುಹಾಕ್ತಾಳೆ."

ನಾನು ನಕ್ಕೆ. ಈ ಊರಿನಲ್ಲಿ ಹುಟ್ಟಿದವಳು, ಹೊರಗೆ ಹೋಗಿ ದೊಡ್ಡ ಓದು ಓದಿ ಬಂದವಳು. ಗೊತ್ತಿದ್ದೂ ನಕ್ಕೆ.

ಎಲ್ಕ್ ಬೇಟೆಯ ಕಾಲ ಈ ಶನಿವಾರ ತೆರೆಯುತ್ತದೆ, ಮೊದಲ ತಂಡ ಗುರುವಾರವೇ ಹತ್ತಬೇಕು. ಆ ಹೇರನ್ನು ಆರ್ಡಿತ್ ಕಟ್ಟದಿದ್ದರೆ ಇನ್ನೆಂದೂ ಕಟ್ಟುವುದಿಲ್ಲ. ಒಬ್ಬಳ ಹೇರು ವಾಲಿ ಜನ ಸತ್ತರು ಎಂಬ ಮಾತು ಒಮ್ಮೆ ನಿಂತರೆ ಯಾವ ದೊಡ್ಡಿಯವರೂ ಅವಳನ್ನು ಕರೆಯುವುದಿಲ್ಲ. ಮಂಗಳವಾರ ಮತ್ತೆ ಅಡುಗೆ ಕೊಟ್ಟಿಗೆಗೆ ಹೋಗಿ ನೈಲಾನಿನ ವಿಷಯ ಹೇಳಿದೆ. ಆರ್ಡಿತ್ ಚಾಕು ಕೆಳಗಿಟ್ಟರು. ಎದೆಯ ಜೇಬಿನಿಂದ ಮೂರು ಕುಣಿಕೆ ತೆಗೆದು ಆಲೂಗಡ್ಡೆ ಸಿಪ್ಪೆಯ ಪಕ್ಕದಲ್ಲಿಟ್ಟರು. ಬಿಳಿ ನೈಲಾನ್, ಸುಟ್ಟು ಕಪ್ಪಾದ ತುದಿ. ಒಂದೂ ಹರಿದಿಲ್ಲ. ಅಂದು ಪ್ರಾಣಿಗಳು ಬಿದ್ದ ಕಡೆಗೆ ಎಲ್ಲರಿಗಿಂತ ಮೊದಲು ಇಳಿದವರು ಅವರೇ, ಜೀನುಗಳಿಂದ ಬಿಚ್ಚಿಕೊಂಡಿದ್ದರು.

"ಯಾಕೆ ಹೇಳಲಿಲ್ಲ ನೀವು?"

"ಸತ್ತೋನು ತಿರುಗಿ ಮಾತಾಡಲ್ಲ. ನಾನು ಬದುಕಿದೀನಿ, ಬೈಸ್ಕೋಬಹುದು."

"ನಿಮ್ಮ ಹೆಸರು ಹೋಯ್ತಲ್ಲ."

"ಎಡಿತ್ ಹೆಸರಾ?" ಎಂದರು. ಆಮೇಲೆ ದನಿ ಬದಲಾಯಿತು. "ನಿನ್ನ ಗಂಡ ಪೆದ್ದ. ಒಳ್ಳೆ ಹುಡುಗ, ಆದ್ರೆ ಪೆದ್ದ. ಇದನ್ನ ನಿನ್ನ ಮುಂದೆ ಅನ್ನಬಾರದು ಅಂತ ಇದ್ದೆ. ಮೂರು ಹೇಸರಗತ್ತೆ, ಮಗಾ. ಅದ್ರಲ್ಲಿ ಡೀಕನ್‌ನ ಅವನು ಹುಟ್ಟಿದ ದಿನ ಈ ಕೈಲಿ ಎತ್ತಿದೀನಿ. ಅವನು ಸಾಯೋಕೆ ಒಂದು ಗಂಟೆ ತಗೊಂಡ. ಅವುಕ್ಕೆ ಯಾರೂ ಹೂವು ತರಲಿಲ್ಲ."

ಅವರಿಗೆ ಕೊಡಲು ನನ್ನ ಬಳಿಯೂ ಹೂವು ಇರಲಿಲ್ಲ. ಮೂರು ಕುಣಿಕೆಗಳನ್ನು ಕೊಡಿ ಎಂದೆ. ಅವರು ಬೇಡವೆಂದರು. ಎರಡನೆಯ ಸಲ ಕೇಳಿದಾಗ ಸಿಪ್ಪೆ ಸುಲಿಯತೊಡಗಿದರು. ನಾನು ಎತ್ತಿಕೊಂಡೆ.

ಡ್ವೇನ್ ಅವರ ಕಚೇರಿಗೆ ಹೋಗಿ ಕುಣಿಕೆಗಳನ್ನು ಮೇಜಿನ ಮೇಲಿಟ್ಟೆ. ಅವರು ಮುಟ್ಟಲಿಲ್ಲ.

"ಇದನ್ನ ತಗೊಂಡು ಏನ್ ಮಾಡ್ತೀಯಮ್ಮಾ? ಊರೆಲ್ಲ ನಿನ್ನ ಗಂಡನಿಗಾಗಿ ಅತ್ತಿದೆ. ಆ ಹೆಸರನ್ನ ನೀನೇ ಕೆಡಿಸ್ತೀಯಾ?"

"ಅತ್ತಿದ್ದನ್ನ ಯಾರೂ ವಾಪಸ್ ಕೇಳಲ್ಲ."

"ಪತ್ರಿಕೇಲಿ ಬಂದ್ರೆ ಅವನ ತಾಯೀನೂ ಓದ್ತಾರೆ."

"ಓದಲಿ."

"ಗಟ್ಟಿ ಹಗ್ಗ ಕಟ್ಟು ಅಂತ ನಾನೇನೂ ಹೇಳಿಲ್ಲ."

"ನೀವು ಹೇಳಿದ್ರಿ ಅಂತ ನಾನೂ ಹೇಳಲಿಲ್ಲ. ಬೈದ್ರಿ ಅಂತ ಬರೀತೀನಿ."

ಅವರು ಎದ್ದು ಕಿಟಕಿಯ ಕಡೆ ಹೋದರು. ಅಲ್ಲಿಂದಲೇ ಹೇಳಿದರು: "ಸರಿ, ಗುರುವಾರ ಮುದುಕಿನೇ ಕಟ್ಲಿ. ಹೇಗೂ ಬೇರೆ ಯಾರೂ ಸಿಕ್ಕಿಲ್ಲ."

ಕ್ಷಮೆ ಕೇಳಿದ್ದೂ ಅದೇ, ಮೆಚ್ಚಿದ್ದೂ ಅದೇ. ಆರ್ಡಿತ್‌ಗೆ ಇದನ್ನು ಹೇಳಿದಾಗ, "ನಲವತ್ತೊಂದು ವರ್ಷದಲ್ಲಿ ಅವನು ಆಡಿದ ಅತಿ ಒಳ್ಳೆ ಮಾತು," ಎಂದರು. ನಗಲಿಲ್ಲ.

ಗುರುವಾರ, ಐದು ಗಂಟೆ. ಬೇಲಿಯ ಮೇಲೆ ಹಿಮದ ಪುಡಿ. ಹನ್ನೊಂದು ಹೇಸರಗತ್ತೆಗಳು ಸಾಲಾಗಿ ನಿಂತಿವೆ; ಮೂರು ಜೀನು ಗೋಡೆಯ ಮೇಲೇ ಇವೆ. ಎಂಟು ಅತಿಥಿಗಳು ಕಾಫಿ ಹಿಡಿದು ಕಾಲು ಕುಟ್ಟುತ್ತಿದ್ದಾರೆ. ಅವರಲ್ಲೊಬ್ಬ ಆರ್ಡಿತ್ ಅವರನ್ನು, "ಅಮ್ಮಾ, ತಿಂಡಿ ಮೇಲೆ ಹೋದ್ಮೇಲಾ?" ಎಂದು ಕೇಳುತ್ತಾನೆ. "ಇಲ್ಲೇ ತಿಂದ್ರೆ ಇಲ್ಲೇ," ಎಂದು ಅವನ ಕೈಗೆ ಒಣಗಿಸಿದ ಮಾಂಸದ ತುಂಡೊಂದನ್ನು ಇಟ್ಟು ಹಗ್ಗ ಬಿಗಿಯುತ್ತಾರೆ. ಪ್ರತಿ ಜೀನಿನ ಹಿಂದೆಯೂ ಹೊಸ ಕುಣಿಕೆ, ಹುಲ್ಲಿನ ಬಣ್ಣದ ತೆಳು ಹುರಿ.

ನಾನು ತಕ್ಕಡಿ ಹೊರತೆಗೆಯುತ್ತೇನೆ.

"ರೀಸ್ ನಿಮ್ಮಿಂದ ಇಸ್ಕೊಂಡಿದ್ದ. ಆವತ್ತು ಇದು ನಿಮ್ಮ ಹತ್ರ ಇದ್ದಿದ್ರೆ ಯಾರೂ ಆ ಮಾತು ಆಡ್ತಿರಲಿಲ್ಲ. ಈಗ ಕೆಟ್ಟೂ ಹೋಗಿದೆ, ನೋಡಿ. ಮುಳ್ಳು ಸೊನ್ನೆಗೆ ಬರಲ್ಲ. ಬಿದ್ದಾಗ ಆಗಿರಬೇಕು."

ಆರ್ಡಿತ್ ಅದನ್ನು ಅಂಗೈಯಲ್ಲಿಟ್ಟು ನೋಡುತ್ತಾರೆ. ತುದಿಯಿಲ್ಲದ ಬೆರಳಿನಿಂದ ಒರೆಸುತ್ತಾರೆ.

"ಬಿದ್ದಾಗಲ್ಲ. ಹತ್ತು ವರ್ಷದಿಂದ ಹಿಂಗೇ ಇದೆ. ಮೂರು ಪೌಂಡ್ ಜಾಸ್ತಿ ತೋರ್ಸುತ್ತೆ. ಹೇರಿಗೆ ಏನೂ ತೊಂದ್ರೆ ಇಲ್ಲ. ಎರಡು ಮಗ್ಗುಲಿಗೂ ಅದೇ ಮೂರು, ಸಮ ಅಂದ್ರೆ ಸಮಾನೇ."

"ಮತ್ತೆ ಮೀನಿಗೆ?"

"ಮೀನಿಗೆ ಮೂರು ಜಾಸ್ತಿ." ಅವರ ಬಾಯಿಯ ಒಂದು ಕೊನೆ ಮಾತ್ರ ಏಳುತ್ತದೆ. "ಅದಕ್ಕೇ ತಾನೇ ಅವನು ಕೇಳಿ ಇಸ್ಕೊಂಡಿದ್ದು. ಬಂದೋರು ಖುಷಿಯಾಗಿ ಹೋಗ್ತಿದ್ರು. ಆ ಗೋಡೆ ಮೇಲಿನ ನಿನ್ನ ಗಂಡನ ಮೀನೆಲ್ಲ ಹಂಗೇ."

ನನ್ನ ಗಂಡ ಹೊರಗಿನವರಿಗೆ ಕೊಟ್ಟ ಸಂತೋಷ ಎಷ್ಟೆಂದು ಈಗ ನನಗೆ ಗೊತ್ತು. ತಲೆಗೆ ಮೂರು ಪೌಂಡ್.

ಕಟ್ಟಲು ಉಳಿದದ್ದು ಕೊನೆಯ ಹೇರು, ಎರಡು ಡಬ್ಬಗಳು. ಆರ್ಡಿತ್ ಕಣ್ಣು ಮುಚ್ಚಿ ಮೊದಲು ಬಲದ್ದನ್ನು ಎತ್ತುತ್ತಾರೆ, ಇಳಿಸುತ್ತಾರೆ. ಎಡದ್ದನ್ನು ಎತ್ತುತ್ತಾರೆ, ನಿಲ್ಲುತ್ತಾರೆ. ಎಡದ್ದರಿಂದ ಎರಡು ಆಲೂಗಡ್ಡೆ ತೆಗೆದು ಬಲದ್ದಕ್ಕೆ ಹಾಕುತ್ತಾರೆ. ಆಮೇಲೆ, ಅತಿಥಿಗಳೂ ಕಚೇರಿಯ ಬಾಗಿಲಲ್ಲಿ ನಿಂತ ಡ್ವೇನ್ ಅವರೂ ನೋಡುತ್ತಿರುವಾಗ, ತಕ್ಕಡಿಯ ಉಂಗುರವನ್ನು ಬೇಲಿಯ ಗೂಟಕ್ಕೆ ಹಾಕಿ ಎರಡೂ ಡಬ್ಬಗಳನ್ನು ಒಂದಾದ ಮೇಲೊಂದು ಕೊಕ್ಕೆಗೆ ತೂಗುಹಾಕುತ್ತಾರೆ. ನನಗೆ ಓದು ಎನ್ನುತ್ತಾರೆ.

ಎಪ್ಪತ್ತೆಂಟು. ಎಪ್ಪತ್ತೆಂಟು.

ಗಟ್ಟಿಯಾಗಿ ಹೇಳುತ್ತೇನೆ. ಡ್ವೇನ್ ಒಳಗೆ ಹೋಗುತ್ತಾರೆ. ನಾನು ಕೋಟಿನಿಂದ ಪುಸ್ತಕ, ಪೆನ್ಸಿಲು ತೆಗೆಯುತ್ತೇನೆ. ಆರ್ಡಿತ್ ತಕ್ಕಡಿಯನ್ನು ತಮ್ಮ ಜೀನುಚೀಲಕ್ಕೆ ಹಾಕಿ, ಬಕಲು ಬಿಗಿದು, ಕುದುರೆ ಹತ್ತಿ, ಮೇಲಿನಿಂದ ನನ್ನ ಕೈಯನ್ನು ನೋಡುತ್ತಾರೆ.

"ಬರೆಯೋದಾದ್ರೆ ಮೂರು ಕಳೆದು ಬರಿ, ಮಗಾ."

ಎಪ್ಪತ್ತೈದು. ಎಪ್ಪತ್ತೈದು.